ಹಿಮ್ಮಡಿ

ಮುಖ ನೋಡಿ ಗುರುತು ಹಿಡಿಯುವುದು ನಿಮ್ಮ ರೂಢಿ.
ನನಗೆ ಹಿಮ್ಮಡಿ ಸಾಕು.
ಬಂಡೆ ಹತ್ತುವವರ ಕೆಳಗೆ ನಿಂತು, ಕಾಲು ಹಿಡಿದು
ಒಂದೊಂದೇ ಕುಳಿಗೆ ಸೇರಿಸುವುದು ನನ್ನ ಕಸುಬು:
ಎಡ ಇಲ್ಲಿ. ಬಲ ಇಲ್ಲಿ. ಉಸಿರು ಬಿಡು.
ಕೆಳಗೆ ನೋಡಬೇಡ ಅನ್ನುವುದಿಲ್ಲ ನಾನು;
ಹಾಗಂದರೆ ಎಲ್ಲರೂ ನೋಡುತ್ತಾರೆ.

ತಿಗ್ರಾಯಿಯ ಈ ಕೆಂಪು ಕಲ್ಲಿನ ಕಂಬ
ಯಾರೋ ನೆಲಕ್ಕೆ ಹೊಡೆದು, ದನ ಕಟ್ಟಲು ಮರೆತ ಗೂಟ.
ಅದರ ನೆತ್ತಿಯ ಹತ್ತಿರ, ಕಲ್ಲೊಳಗೆ ಕೊರೆದ ಇಗರ್ಜಿ.
ಮೆಟ್ಟಿಲಿಲ್ಲ. ಸರಪಳಿ ಇಲ್ಲ.
ಇರುವುದು ಸತ್ತವರ ಕಾಲು ಸವೆಸಿದ ಗುಳಿಗಳು,
ಚನ್ನೆಮಣೆಯದಷ್ಟು ಆಳ.
ಚಪ್ಪಲಿ ಕೆಳಗೇ ಬಿಡಬೇಕು.
ಪ್ಲಾಸ್ಟಿಕ್ ಚಪ್ಪಲಿಗಳ ಆ ಸಾಲು ನೋಡಿದರೆ
ಊರೇ ನಿಂತಲ್ಲಿಂದ ಹಾರಿಹೋದಂತೆ ಕಾಣುತ್ತದೆ.

ಒಂದು ಮಾತು ಯಾರಿಗೂ ಹೇಳಿಲ್ಲ:
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ
ನಾನು ಕೊನೆಯ ಅಂಚು ದಾಟಿದವನಲ್ಲ.
ಬಂಡೆಯ ಹೆಗಲವರೆಗೆ ಬರುತ್ತೇನೆ, ಅಲ್ಲಿ ನಿಂತು
"ಗೋಡೆಗೆ ಎದೆ ಕೊಟ್ಟು ನಡಿ" ಎಂದು ಕಳಿಸುತ್ತೇನೆ.
ಕೆಳಗೆ ಇನ್ನೂ ಜನ ಕಾಯುತ್ತಿದ್ದಾರಲ್ಲ, ಅದು ನೆಪ.
ಅಂಚಿನ ಅಗಲ ಒಂದು ಮೊಳ. ಆಚೆ ಗಾಳಿ.
ಗಾಳಿಯ ತಳದಲ್ಲಿ ಹೊಲ, ಹೊಲದಲ್ಲಿ ನನ್ನ ಮನೆಯ ತಗಡು,
ಬೆಂಕಿಪೊಟ್ಟಣದಷ್ಟು.
ದಾಟಿದ್ದೆನಂತೆ, ನಲವತ್ತು ದಿನದವನಾಗಿದ್ದಾಗ,
ಅಮ್ಮನ ಬೆನ್ನಿನಲ್ಲಿ.
ಅದು ಲೆಕ್ಕಕ್ಕಿಲ್ಲ; ನಿದ್ದೆ ಹೋಗಿದ್ದೆ.

ಇವತ್ತು ಲೆತೆಕಿದಾನ್ ಬಂದಳು.
ಎಡ ಹಿಮ್ಮಡಿಯಲ್ಲಿ ಕುಡುಗೋಲಿನ ಗಾಯ,
ಅದು ಹಸಿಯಿದ್ದಾಗಿನಿಂದ ಬಲ್ಲೆ.
ಮಗಳಿಗೆ ಎಂಬತ್ತು ದಿನ, ನೀರು ಹಾಕಿಸಬೇಕು.
ಅತ್ತೆ ಆಗಲೇ ಮೇಲೆ ತಲುಪಿ
ತಡವಾಯಿತೆಂದು ಕೂಗುತ್ತಿದ್ದಳು.
ಸರಿಯಾಗಿ ಅಂಚಿನ ಬಾಯಲ್ಲಿ ಬೆನ್ನಿನ ಗಂಟು ಸಡಿಲಿತು.
ಬಿಗಿಯಲು ಅಲ್ಲಿ ಮೊಣಕೈಗೂ ಜಾಗವಿಲ್ಲ.
"ಹಿಡಿ" ಅಂದಳು. ಹಿಡಿದೆ.
ಒಂದು ಚೀಲ ಹಿಟ್ಟಿನ ಭಾರ, ಬೆಣ್ಣೆಯ ವಾಸನೆ.
ಅವಳು ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ
ಏಡಿಯ ಹಾಗೆ ಅಡ್ಡಡ್ಡ ಸರಿದು ದಾಟಿಬಿಟ್ಟಳು.
ಆಚೆ ನಿಂತು, ಬಟ್ಟೆ ಕೊಡವಿ,
"ತಾ" ಅಂದಳು.

ತಾ. ನೀರಿನ ಕೊಡ ಕೇಳಿದ ಹಾಗೆ.

ಕೆಳಗೆ ಜನ ಕಾಯುತ್ತಿದ್ದಾರೆ ಅನ್ನಲು ಬಾಯಿ ತೆರೆದೆ.
ತಿರುಗಿ ನೋಡಿದೆ: ಚಪ್ಪಲಿಗಳಷ್ಟೇ ಇದ್ದವು.

ಎದೆಯ ಮೇಲೆ ಮಗು; ಗೋಡೆಗೆ ಎದೆ ಕೊಡುವಂತಿಲ್ಲ.
ಬೆನ್ನು ಕೊಟ್ಟೆ. ಮುಖ ಗಾಳಿಗೆ.
ಎಡ ಇಲ್ಲಿ, ಬಲ ಇಲ್ಲಿ, ನನಗೆ ನಾನೇ ಹೇಳಿಕೊಂಡೆ;
ಕಾಲು ಪರರ ಕಾಲಿನಂತೆ ಸುಮ್ಮನಿತ್ತು.
ಹದ್ದೊಂದು ಕೆಳಗೆ ಸುತ್ತುತ್ತಿತ್ತು.
ಹದ್ದಿನ ಬೆನ್ನು ನೋಡಿದ್ದು ಅದೇ ಮೊದಲು:
ಕಂದು, ಎಡ ರೆಕ್ಕೆಯಲ್ಲಿ ಒಂದು ಗರಿ ಇಲ್ಲ.
ಆಗ ಮಗು ಸೀನಿತು.
ಬೆಟ್ಟ ಅಲುಗಿತು ಅಂದುಕೊಂಡೆ. ಅಲುಗಿದ್ದು ನಾನು.
ಒಂಬತ್ತೇ ಹೆಜ್ಜೆ ಅನ್ನುತ್ತಾಳೆ ಅವಳು.
ನಾನು ಎಣಿಸಿದ್ದು ಎರಡು. ಉಳಿದವನ್ನು ಯಾರಿಟ್ಟರೋ.

ಒಳಗೆ ಕತ್ತಲು, ಧೂಪ, ಬಾವಲಿಯ ಘಾಟು.
ಸೂರಿನ ಸಂತರು ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದರು,
ಇಷ್ಟು ದಿನ ಎಲ್ಲಿದ್ದೆ ಎಂದೇನೂ ಕೇಳಲಿಲ್ಲ.
ನೀರು ಬಿದ್ದದ್ದೇ ಹುಡುಗಿ ಕಲ್ಲು ಸೀಳುವಂತೆ ಚೀರಿದಳು.
ಆ ಗದ್ದಲದಲ್ಲಿ ಪಾದ್ರಿ ಇಟ್ಟ ಹೆಸರು ನನಗೆ ಕೇಳಲಿಲ್ಲ.

ಇಳಿಯುವಾಗ ತಿಳಿಯಿತು:
ಇಳಿಯುವವನಿಗೆ ತನ್ನ ಕುಳಿ ಕಾಣುವುದಿಲ್ಲ.
ಹೊಟ್ಟೆ ಬಂಡೆಗೆ ಅಂಟಿಸಿ, ಕಾಲು ಗಾಳಿಯಲ್ಲಿ ತಡಕಾಡುತ್ತ,
ಇಪ್ಪತ್ತೆರಡು ವರ್ಷದ ಕಸುಬು ಮರೆತು ನೇತಾಡುತ್ತಿದ್ದೆ.
ಕೆಳಗಿನಿಂದ ಒಂದು ಕೈ ಕಣಕಾಲು ಹಿಡಿಯಿತು.
"ಎಡ ಇಲ್ಲಿ" ಅಂದಳು. "ಇನ್ನೂ ಕೆಳಗೆ. ಹಾಂ."
ತುಸು ಹೊತ್ತು ಬಿಟ್ಟು,
"ಎಷ್ಟು ಒಡೆದಿದೆಯೋ ಮಾರಾಯ ನಿನ್ನ ಹಿಮ್ಮಡಿ.
ರಾತ್ರಿ ಒಂದಿಷ್ಟು ಬೆಣ್ಣೆ ಸವರಬಾರದೆ?"